ಬೇಲಿಯೇ ಹೊಲ ಮೇದಾಗ

ರಾಜರಿಗೆ ಚರಿತ್ರೆಯಿರುವಂತೆ ಜ್ವರಗಳಿಗೂ ಒಂದು ಚರಿತ್ರೆಯುಂಟು. ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ತಿರುಳ್ಗನ್ನಡದ ನಾಡು ಯಾವುದೆಂದು ಹೇಳುವಾಗ ಕವಿರಾಜಮಾರ್ಗಕಾರನು ಕೊಪಣ ನಗರವನ್ನು ಹೆಸರಿಸಿದ್ದಾನೆ. ಇಷ್ಟು ಹಳೆಯ ಬರಹದ ಪರಂಪರೆಯುಳ್ಳ ಈ ನಾಡಿನಲ್ಲಿ ಯಾವ ಬಸದಿಗೆ ಯಾರು ಎಷ್ಟು ಮತ್ತರು ಭೂಮಿಯನ್ನು ಬಿಟ್ಟರೆಂಬುದು ಸಿಕ್ಕುತ್ತದೆ. ಯಾವ ಮಳೆಗಾಲದಲ್ಲಿ ಯಾವ ಜ್ವರ ಬಂದು ಎಷ್ಟು ಮನೆಗಳ ದೀಪ ಆರಿತೆಂಬುದು ಸಿಕ್ಕುವುದಿಲ್ಲ. ಆದರೆ ಜ್ವರವು ತನ್ನ ಶಾಸನವನ್ನು ಬೇರೊಂದು ಕಡೆ ಬರೆದಿಟ್ಟು ಹೋಗುತ್ತದೆ. ಆ ಬಂಡೆಗಲ್ಲು ಬೇರೆ ಯಾವುದೂ ಅಲ್ಲ, ನಮ್ಮ ನೆತ್ತರು. ಒಮ್ಮೆ ಬಂದುಹೋದ ಶತ್ರುವಿನ ಗುರುತನ್ನು ನೆತ್ತರು ಹತ್ತಾರು ವರ್ಷ ನೆನಪಿಟ್ಟುಕೊಳ್ಳುತ್ತದೆ. ಆ ನೆನಪೇ ಸಾಮಾನ್ಯವಾಗಿ ನಮ್ಮನ್ನು ಕಾಯುವುದು. ಆದರೆ ಒಂದು ಜ್ವರದ ವಿಷಯದಲ್ಲಿ ಆ ನೆನಪೇ ಕೆಲವೊಮ್ಮೆ ಕೊರಳಿಗೆ ಉರುಲಾಗುತ್ತದೆ. ಆ ಜ್ವರದ ಹೆಸರು ಡೆಂಗಿ.

ನಾನು ಕನ್ನಡದ ಅಧ್ಯಾಪಕ, ವೈದ್ಯನಲ್ಲ. ಈ ಜ್ವರದ ಬೆನ್ನು ಹತ್ತಿದ್ದು ಮೊದಲು ಅದರ ಹೆಸರಿನ ಆಸೆಯಿಂದ. ನಮ್ಮಲ್ಲಿ ಚಳಿಜ್ವರ, ವಿಷಮಶೀತ ಜ್ವರ ಮುಂತಾದ ಸ್ವಂತ ಹೆಸರುಗಳುಂಟು. ಡೆಂಗಿಗೆ ಮಾತ್ರ ಕನ್ನಡದ ಹೆಸರಿಲ್ಲ. ಪತ್ರಿಕೆಗಳಲ್ಲಿ ಡೆಂಗ್ಯೂ, ಡೆಂಘಿ, ಡೆಂಗೆ, ಡೆಂಗಿ ಎಂದು ನಾಲ್ಕಾರು ಬಗೆಯಾಗಿ ಅಚ್ಚಾಗುತ್ತದೆ. ಹೆಸರೇ ನೆಲೆಗೊಳ್ಳದ ರೋಗ ಇದು.

ಆ ಹೆಸರಿನ ಮೂಲವನ್ನು ಬಲ್ಲವರು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಕಾಣುತ್ತಾರೆ. 1823ರ ಸುಮಾರಿಗೆ ಜಾಂಜಿಬಾರ್ ದ್ವೀಪದಲ್ಲಿ ಮೈ ಸೆಟೆಯುವ ಒಂದು ಜ್ವರ ಹರಡಿದಾಗ ಅಲ್ಲಿನ ಜನ ಅದನ್ನು ‘ಕಿ ಡಿಂಗ ಪೆಪೊ’ ಎಂದರು. ದೆವ್ವ ಹಿಡಿದಂತೆ ತಟ್ಟನೆ ಬಂದು ಸೆಳೆಯುವ ಬೇನೆ ಎಂಬುದು ಅದರ ಭಾವ. ನಾಲ್ಕೈದು ವರ್ಷಗಳ ಮೇಲೆ ಅದೇ ಬಗೆಯ ಜ್ವರ ಕೆರಿಬಿಯನ್ ದ್ವೀಪಗಳಿಗೆ ದಾಟಿತು. ಅಲ್ಲಿನ ಸ್ಪಾನಿಷ್ ನುಡಿಯಲ್ಲಿ ‘ಡೆಂಗೆ’ ಎಂದರೆ ಬಿಂಕ, ಒಯ್ಯಾರ. ಕೀಲುನೋವಿನಿಂದ ಮೈ ಸೆಟೆದುಕೊಂಡು ನಡೆಯುವವರ ನಡಿಗೆ ಒಯ್ಯಾರದಂತೆ ಕಂಡಿತೋ ಏನೋ, ಆಫ್ರಿಕದ ದೆವ್ವ ಅಮೆರಿಕೆಯಲ್ಲಿ ಬಿಂಕಗಾರನಾಯಿತು! ಇದಕ್ಕೂ ಮೊದಲೇ, 1780ರಲ್ಲಿ, ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಬೆಂಜಮಿನ್ ರಷ್ ಎಂಬ ಹೆಸರಾಂತ ವೈದ್ಯನು ಇಂಥದೇ ಜ್ವರವನ್ನು ವಿವರಿಸಿ, ಜನ ಅದನ್ನು ಎಲುಬು ಮುರಿಯುವ ಜ್ವರವೆಂದು ಕರೆಯುತ್ತಾರೆಂದು ಬರೆದಿಟ್ಟನು.

ಇಲ್ಲಿ ಚರಿತ್ರೆಯ ಒಂದು ವಿನೋದವಿದೆ. 1960ರ ದಶಕದಲ್ಲಿ ನಮ್ಮ ನೆರೆಯ ವೆಲ್ಲೂರಿನಲ್ಲಿ ಇಂಥ ಜ್ವರಗಳನ್ನು ಅಭ್ಯಾಸ ಮಾಡಿದ ಕೇರಿ ಎಂಬ ವಿದ್ವಾಂಸರು ಹಳೆಯ ಬರಹಗಳನ್ನೆಲ್ಲ ಕೂಡಿಸಿ ನೋಡಿ, 1971ರಲ್ಲಿ ಒಂದು ಮಾತು ಹೇಳಿದರು: ಜಾಂಜಿಬಾರಿನಲ್ಲಿ ‘ಡಿಂಗ’ ಎನಿಸಿಕೊಂಡದ್ದು ಇಂದಿನ ಡೆಂಗಿಯಾಗಿರಲಿಕ್ಕಿಲ್ಲ, ತಿಂಗಳುಗಟ್ಟಲೆ ಉಳಿಯುವ ಕೀಲುನೋವನ್ನು ನೋಡಿದರೆ ಅದು ಚಿಕೂನ್‌ಗುನ್ಯ ಆಗಿರಬೇಕು. ಅಂದರೆ ಒಂದು ಜ್ವರ ತನ್ನ ಹೆಸರನ್ನು ಇನ್ನೊಂದಕ್ಕೆ ಬಿಟ್ಟುಕೊಟ್ಟು, ಅನಾಮಧೇಯವಾಗಿ ಉಳಿಯಿತು. 1952–53ರಲ್ಲಿ ಟಾಂಗನೀಕದಲ್ಲಿ ಮತ್ತೆ ಕಾಣಿಸಿಕೊಂಡಾಗ ಮಕೊಂಡೆ ಭಾಷೆಯ ಹೊಸ ಹೆಸರು ಪಡೆಯಿತು. ನಮ್ಮ ಉತ್ತರ ಕರ್ನಾಟಕದವರಿಗೆ ಆ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2006ರಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಮಿಕ್ಕ ಜನ ಚಿಕೂನ್‌ಗುನ್ಯದಿಂದ ಬಳಲಿದರೆಂದು ಸರ್ಕಾರದ ಲೆಕ್ಕ. ಗೋಡೆ ಹಿಡಿದು ನಡೆದ ಆ ವರ್ಷವನ್ನು ಮರೆತವರು ಕಡಿಮೆ. ಚಿಕೂನ್‌ಗುನ್ಯ ನೋಯಿಸುತ್ತದೆ, ಕೊಲ್ಲುವುದು ಅಪರೂಪ. ಡೆಂಗಿ ಹಾಗಲ್ಲ. ಅದು ಬಹುಮಂದಿಯನ್ನು ತಾಗಿಯೂ ತಾಗದಂತೆ ಹೋಗುತ್ತದೆ. ಸೋಂಕಿದ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಕೆಲವರನ್ನು ಮಾತ್ರ ಹಿಡಿದು ಮಣ್ಣುಗೂಡಿಸುತ್ತದೆ. ಯಾರನ್ನು, ಏಕೆ ಎಂಬುದೇ ಈ ಲೇಖನದ ವಿಷಯ.

ಮೊದಲು ಈ ಜ್ವರವನ್ನು ಹೊತ್ತು ತರುವ ಸೊಳ್ಳೆಯ ಮಾತು. ಈಡಿಸ್ ಈಜಿಪ್ಟಿ ಎಂಬುದು ಅದರ ಶಾಸ್ತ್ರೀಯ ಹೆಸರು. ಮೂಲತಃ ಆಫ್ರಿಕದ ಕಾಡಿನದು. ಹಡಗುಗಳ ನೀರಿನ ಪೀಪಾಯಿಗಳಲ್ಲಿ ಕುಳಿತು ಲೋಕಸಂಚಾರ ಮಾಡಿತು. ಡೆಂಗಿಯನ್ನು ಹರಡುವುದು ಇದೇ ಎಂದು ಆಸ್ಟ್ರೇಲಿಯದ ಬ್ಯಾಂಕ್ರಾಫ್ಟ್ 1906ರಲ್ಲಿ ತೋರಿಸಿದನು. ಇದು ಹಗಲು ಕಚ್ಚುವ ಸೊಳ್ಳೆ. ಕೊಳಚೆಯಲ್ಲಿ ಅಲ್ಲ, ಮನೆಯೊಳಗಿನ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ನೀರು ಬತ್ತಿದರೂ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.

ಈ ಕಾರಣದಿಂದಲೇ ಡೆಂಗಿಯ ಭೂಗೋಳ ನಮ್ಮ ಊಹೆಗೆ ವಿರುದ್ಧವಾಗಿದೆ. ನೀರಿದ್ದಲ್ಲಿ ಸೊಳ್ಳೆ, ಸೊಳ್ಳೆಯಿದ್ದಲ್ಲಿ ಜ್ವರ ಎಂಬುದು ಲೋಕದ ಲೆಕ್ಕಾಚಾರ. ಆ ಲೆಕ್ಕದಂತೆ ನಮ್ಮ ಜಿಲ್ಲೆಯಲ್ಲಿ ಗಂಗಾವತಿಯ ಕಡೆಗೇ ಡೆಂಗಿ ಹೆಚ್ಚಿರಬೇಕು. ತುಂಗಭದ್ರೆಗೆ ಮುನಿರಾಬಾದಿನ ಹತ್ತಿರ ಅಣೆಕಟ್ಟು ಕಟ್ಟಿ, 1953ರಲ್ಲಿ ನೀರು ನಿಂತ ಮೇಲೆ ಎಡದಂಡೆಯ ಕಾಲುವೆ ಆ ಸೀಮೆಯನ್ನು ಭತ್ತದ ಕಣಜ ಮಾಡಿತು. ಆದರೆ ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆ ಬೇರೆ ಜಾತಿಯದು; ಅದು ಮಿದುಳು ಜ್ವರವನ್ನು ತಂದೀತು, ಡೆಂಗಿಯನ್ನು ತರುವುದಿಲ್ಲ. ಗಂಗಾವತಿಯಲ್ಲಿ ಡೆಂಗಿ ಹುಟ್ಟುವುದು ಗದ್ದೆಯಲ್ಲಲ್ಲ. ಮನೆಯ ಹಿತ್ತಲಿನ ಬ್ಯಾರಲ್ಲಿನಲ್ಲಿ, ಗ್ಯಾರೇಜಿನ ಮುಂದೆ ಬಿದ್ದ ಹಳೆಯ ಟಾಯರಿನಲ್ಲಿ.

ಇನ್ನು ಕುಷ್ಟಗಿ, ಯಲಬುರ್ಗಾ ಕಡೆಗೆ ಬರೋಣ. ಅದು ಎರೆ ಮತ್ತು ಮಸಾರಿಯ ಒಣಸೀಮೆ. ಒಂದು ಕಾಲಕ್ಕೆ ಕೊಪ್ಪಳ, ಯಲಬುರ್ಗಾಗಳು ಹೈದರಾಬಾದಿನ ಸಾಲಾರ್ ಜಂಗರ ಜಹಗೀರಾಗಿದ್ದವು. ಆಳುವವರು ಬದಲಾದರು, 1956ರಲ್ಲಿ ಸೀಮೆ ಕನ್ನಡನಾಡಿಗೆ ಸೇರಿತು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯೇ ಆಯಿತು. ನೀರಿನ ಬವಣೆ ಮಾತ್ರ ಬದಲಾಗಲಿಲ್ಲ. ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಹಲ್ಲು, ಎಲುಬು ಕೆಡುತ್ತವೆ. ಆದುದರಿಂದ ಸಿಹಿನೀರು ಸಿಕ್ಕ ದಿನ ಮನೆಯಲ್ಲಿರುವ ಹರವಿ, ಕೊಡ, ಹಂಡೆ, ಬ್ಯಾರಲ್, ಸಿಮೆಂಟಿನ ಟಾಕಿ ಎಲ್ಲವನ್ನೂ ತುಂಬಿಡುವುದು ಇಲ್ಲಿನ ಗೃಹಿಣಿಯ ಧರ್ಮವಾಗಿದೆ. ನಳ ಬರುವುದು ಎಂಟು ದಿನಕ್ಕೊಮ್ಮೆಯಾದರೆ ನೀರು ನಿಲ್ಲುವುದೂ ಎಂಟು ದಿನ. ಬಿಸಿಲುನಾಡಿನಲ್ಲಿ ಸೊಳ್ಳೆಯ ಮೊಟ್ಟೆ ರೆಕ್ಕೆ ಬಲಿತು ಹಾರುವುದಕ್ಕೆ ಬೇಕಾದುದೂ ಹೆಚ್ಚುಕಡಿಮೆ ಅಷ್ಟೇ ದಿನ! ಬರಗಾಲಕ್ಕೆ ಅಂಜಿ ಕೂಡಿಟ್ಟ ನೀರೇ ಜ್ವರದ ತೊಟ್ಟಿಲಾಯಿತೆಂದರೆ, ಇದರಲ್ಲಿ ಆ ತಾಯಿಯ ತಪ್ಪೇನಿದೆ? ಇದೂ ಬೇಲಿ ಹೊಲ ಮೇದ ಕಥೆಯೇ. ಆದರೆ ದೊಡ್ಡ ಬೇಲಿಯ ಕಥೆ ಇನ್ನೂ ಮುಂದಿದೆ.

ಸೊಳ್ಳೆ ಸಿಕ್ಕಿತು, ಅದು ಹೊತ್ತು ತರುವ ವಿಷಕಣ ಸಿಕ್ಕಲು ಇನ್ನೂ ಕಾಲ ಹಿಡಿಯಿತು. 1907ರಲ್ಲಿ ಮನಿಲಾ ನಗರದಲ್ಲಿ ಆಷ್‌ಬರ್ನ್ ಮತ್ತು ಕ್ರೇಗ್ ಎಂಬ ಇಬ್ಬರು ಸೈನ್ಯದ ವೈದ್ಯರು ರೋಗಿಯ ನೆತ್ತರನ್ನು ಬಲು ಸೂಕ್ಷ್ಮವಾದ ಜಾಲರಿಯಲ್ಲಿ ಸೋಸಿದರೂ ಜ್ವರದ ಬೀಜ ದಾಟಿಹೋಗುತ್ತದೆಂದು ತೋರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಎರಡೂ ಪಕ್ಷದ ಸೈನಿಕರು ಈ ಜ್ವರದಿಂದ ಮಲಗಿದ ಮೇಲೆ ಶೋಧನೆಗೆ ವೇಗ ಬಂತು. 1943ರಲ್ಲಿ ಜಪಾನಿನ ಹೊಟ್ಟ ಮತ್ತು ಕಿಮುರ ನಾಗಾಸಾಕಿಯಲ್ಲಿ ವೈರಸ್ಸನ್ನು ಬೇರ್ಪಡಿಸಿದರು. ಮರುವರ್ಷ ಅಮೆರಿಕದ ಸೇಬಿನ್, ಕಲ್ಕತ್ತೆಯೇ ಮೊದಲಾದ ಕಡೆಗಳಲ್ಲಿ ಕಾಯಿಲೆ ಬಿದ್ದ ಸೈನಿಕರ ನೆತ್ತರಿನಿಂದ ಅದನ್ನು ಪಡೆದು, ಇದು ಒಂದೇ ವೈರಸ್ ಅಲ್ಲ, ಕಡಿಮೆಯೆಂದರೆ ಎರಡು ಬಗೆ ಎಂದು ಕಂಡುಕೊಂಡನು. 1956ರಲ್ಲಿ ಹ್ಯಾಮನ್ ಎಂಬಾತ ಮನಿಲಾದಲ್ಲಿ ಇನ್ನೆರಡು ಬಗೆಗಳನ್ನು ಗುರುತಿಸಿದನು. ಹೀಗೆ ಡೆಂಗಿ ಒಬ್ಬನಲ್ಲ, ನಾಲ್ವರು ದಾಯಾದಿಗಳು ಎಂದಾಯಿತು. ಒಬ್ಬನಿಂದ ಪೆಟ್ಟು ತಿಂದವನಿಗೆ ಆ ಒಬ್ಬನ ಭಯ ಜನ್ಮಕ್ಕೆ ಇರದು. ಉಳಿದ ಮೂವರಿಂದ ರಕ್ಷಣೆ ಕೆಲವು ತಿಂಗಳು ಮಾತ್ರ.

ನಮ್ಮ ಕನ್ನಡನಾಡಿಗೂ ಈ ಕುಲದ ವೈರಸ್ಸುಗಳಿಗೂ ಒಂದು ಹಳೆಯ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹತ್ತಿದಾಗ, ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂಬ ಶಂಕೆ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಇದು ಉಣ್ಣೆಯಿಂದ ಹರಡುವ ಹೊಸ ವೈರಸ್ಸೆಂದು ತೀರ್ಮಾನಿಸಿದರು. ಹಳದಿ ಜ್ವರ, ಮಂಗನ ಕಾಯಿಲೆ, ಮಿದುಳು ಜ್ವರ, ಡೆಂಗಿ ಇವೆಲ್ಲ ಒಂದೇ ಮನೆತನದವು.

ಹ್ಯಾಮನ್ ಮನಿಲಾಕ್ಕೆ ಹೋದದ್ದು ಸುಮ್ಮನೆ ಅಲ್ಲ. 1953–54ರಲ್ಲಿ ಅಲ್ಲಿ ಮಕ್ಕಳು ಹಿಂದೆಂದೂ ಕಾಣದ ರೀತಿಯಲ್ಲಿ ಸಾಯತೊಡಗಿದ್ದರು. ಎರಡು ಮೂರು ದಿನದ ಜ್ವರ, ಮೈಮೇಲೆ ನೆತ್ತರಿನ ಚುಕ್ಕೆ, ಆಮೇಲೆ ತಟ್ಟನೆ ಕೈಕಾಲು ತಣ್ಣಗಾಗಿ ನಾಡಿ ಕುಸಿದು ಸಾವು. 1958ರಲ್ಲಿ ಬ್ಯಾಂಕಾಕಿನಲ್ಲೂ ಅದೇ. 1963–64ರಲ್ಲಿ ನಮ್ಮ ಕಲ್ಕತ್ತೆಯಲ್ಲೂ ನೆತ್ತರು ಕಾರುವ ಜ್ವರ ಕಾಣಿಸಿತು. ಇನ್ನೂರು ವರ್ಷ ಎಲುಬು ನೋಯಿಸಿ ಬಿಟ್ಟುಹೋಗುತ್ತಿದ್ದ ಜ್ವರ ಈಗ ಮಕ್ಕಳನ್ನು ಏಕೆ ಕೊಲ್ಲತೊಡಗಿತು?

ಈ ಒಗಟನ್ನು ಕೈಗೆತ್ತಿಕೊಂಡವನು ಸ್ಕಾಟ್ ಹಾಲ್‌ಸ್ಟೆಡ್ ಎಂಬ ಅಮೆರಿಕದ ವೈದ್ಯ. 1960ರ ದಶಕದ ಮೊದಲಲ್ಲಿ ಬ್ಯಾಂಕಾಕಿನಲ್ಲಿ ಕುಳಿತು ಅವನು ಸಾವಿರಾರು ರೋಗಿಗಳ ವಿವರವನ್ನು ಕೂಡಿಸಿದನು. ಮೂರು ಸಂಗತಿಗಳು ಅವನ ಕಣ್ಣಿಗೆ ಬಿದ್ದವು. ಒಂದು: ಅದೇ ನಗರದಲ್ಲಿ ನೆಲಸಿದ್ದ ಪಾಶ್ಚಾತ್ಯರಿಗೂ ಡೆಂಗಿ ಬರುತ್ತಿತ್ತು, ಆದರೆ ನಾಡಿ ಕುಸಿಯುವ ಘೋರ ರೂಪ ಅವರಲ್ಲಿ ಕಾಣುತ್ತಿರಲಿಲ್ಲ. ಎರಡು: ಘೋರ ರೂಪ ಕಂಡ ಮಕ್ಕಳಲ್ಲಿ ಬಹುಪಾಲಿಗೆ ಅದು ಎರಡನೆಯ ಡೆಂಗಿ. ಮೂರು: ವರುಷ ತುಂಬದ ಹಸುಗೂಸುಗಳಲ್ಲೂ ಘೋರ ರೂಪ ಕಾಣುತ್ತಿತ್ತು, ಆದರೆ ಅವುಗಳಿಗೆ ಅದು ಮೊದಲನೆಯ ಜ್ವರ. ಮೊದಲೆರಡು ಸಂಗತಿಗಳು ಒಂದು ದಾರಿ ತೋರಿದರೆ ಮೂರನೆಯದು ಆ ದಾರಿಗೆ ಅಡ್ಡ ನಿಂತಂತೆ ಕಾಣುತ್ತದೆ. ಆದರೆ ಹಾಲ್‌ಸ್ಟೆಡ್ ಅದರಲ್ಲೇ ಕೀಲಿಕೈ ಕಂಡನು. ಆ ಕೂಸುಗಳ ತಾಯಂದಿರಿಗೆ ಹಿಂದೆ ಡೆಂಗಿ ಆಗಿತ್ತು. ಅವರ ನೆತ್ತರಿನ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಬಂದಿದ್ದವು. ದೊಡ್ಡ ಮಕ್ಕಳಲ್ಲಿ ತಮ್ಮದೇ ಹಳೆಯ ಪ್ರತಿಕಾಯ, ಕೂಸುಗಳಲ್ಲಿ ತಾಯಿ ಕೊಟ್ಟ ಪ್ರತಿಕಾಯ. ಎರಡು ಕಡೆಯೂ ಸಮಾನವಾದುದು ಪ್ರತಿಕಾಯವೇ. ಕಾಯಬೇಕಾದುದೇ ಕೊಲ್ಲುತ್ತಿರಬೇಕು!

ಇದು ಹೇಗೆ ಸಾಧ್ಯ? ವಾಚಕರು ಒಂದು ಕೋಟೆಯನ್ನು ಕಲ್ಪಿಸಿಕೊಳ್ಳಲಿ. ಶತ್ರು ಬಂದಾಗ ಕಾವಲುಗಾರರು ಅವನ ಕೈಗಳನ್ನು ಹಿಂದಕ್ಕೆ ಕಟ್ಟಿ, ಒಳಗಿನ ಸೆರೆಮನೆಗೆ ಒಪ್ಪಿಸುತ್ತಾರೆ. ಅಲ್ಲಿ ಅವನ ಕಥೆ ಮುಗಿಯುತ್ತದೆ. ಪ್ರತಿಕಾಯಗಳೆಂದರೆ ಈ ಕಾವಲುಗಾರರು. ಸೆರೆಮನೆಯೆಂದರೆ ನೆತ್ತರಿನಲ್ಲಿರುವ ಭಕ್ಷಕ ಕೋಶಗಳು. ಪ್ರತಿಕಾಯ ಹಿಡಿದು ತಂದುದನ್ನು ನುಂಗಿ ಜೀರ್ಣಿಸುವುದು ಅವುಗಳ ಕೆಲಸ. ಈಗ ಶತ್ರುವಿನ ದಾಯಾದಿಯೊಬ್ಬ ಬಂದನೆನ್ನಿ. ಮುಖ ಅದರಂತೆಯೇ, ಆದರೆ ತೋಳು ಬೇರೆ. ಹಳೆಯ ಕಾವಲುಗಾರ ಗುರುತು ಹಿಡಿದು ಅಪ್ಪಿಕೊಳ್ಳುತ್ತಾನೆ, ಕೈ ಕಟ್ಟಲು ಮಾತ್ರ ಆಗುವುದಿಲ್ಲ. ರೂಢಿಯಂತೆ ಸೆರೆಮನೆಯ ಬಾಗಿಲು ತೆರೆದು ಒಳಕ್ಕೆ ಬಿಡುತ್ತಾನೆ. ದುರ್ದೈವವೆಂದರೆ, ಡೆಂಗಿಯ ವೈರಸ್ ಬೆಳೆದು ಮರಿಮಾಡಲು ಬಯಸುವ ಮನೆ ಆ ಭಕ್ಷಕ ಕೋಶವೇ! ಕಳ್ಳನಿಗೆ ಕಾವಲುಗಾರನೇ ಬಾಗಿಲು ತೆರೆದುಕೊಟ್ಟಂತಾಯಿತು. ಪ್ರತಿಕಾಯ ಸೇರಿದರೆ ಇಂಥ ಕೆಲವು ವೈರಸ್ಸುಗಳ ಸೋಂಕು ಹೆಚ್ಚುತ್ತದೆಂದು ಆಸ್ಟ್ರೇಲಿಯದ ಹಾಕ್ಸ್ 1964ರಲ್ಲೇ ಕೋಳಿಯ ಕೋಶಗಳಲ್ಲಿ ನೋಡಿದ್ದನು. ಡೆಂಗಿಯಲ್ಲಿ ಹೀಗಾಗುವುದು ಭಕ್ಷಕ ಕೋಶಗಳಲ್ಲಿಯೇ ಎಂದು ಹಾಲ್‌ಸ್ಟೆಡ್ ಮತ್ತು ಓ’ರೂರ್ಕ್ 1977ರಲ್ಲಿ ತೋರಿಸಿದರು.

ಪ್ರಯೋಗಶಾಲೆಯ ಮಾತು ಬೇರೆ, ಊರಿನ ಮಾತು ಬೇರೆ. ಆದರೆ ಕ್ಯೂಬ ದ್ವೀಪದ ಚರಿತ್ರೆ ಈ ವಾದಕ್ಕೆ ಸಾಕ್ಷಿ ನುಡಿಯಿತು. 1977ರಲ್ಲಿ ಅಲ್ಲಿ ಒಂದನೆಯ ಬಗೆಯ ಡೆಂಗಿ ಹರಡಿತು, ಹೆಚ್ಚು ಹಾನಿಯಿಲ್ಲದೆ ಹೋಯಿತು. 1981ರಲ್ಲಿ ಎರಡನೆಯ ಬಗೆ ಬಂದಾಗ 3,44,203 ಜನ ಕಾಯಿಲೆ ಬಿದ್ದರು, 158 ಜನ ಸತ್ತರು. ಆಮೇಲೆ ಸೊಳ್ಳೆಯನ್ನು ಸದೆಬಡಿದು ಹದಿನೈದು ವರ್ಷ ದ್ವೀಪವನ್ನು ಕಾಯ್ದರು. 1997ರಲ್ಲಿ ಸಾಂತಿಯಾಗೊ ನಗರದಲ್ಲಿ ಎರಡನೆಯ ಬಗೆ ಮತ್ತೆ ತಲೆದೋರಿತು. ಈ ಸಲ ಘೋರ ರೂಪ ಕಂಡದ್ದು ದೊಡ್ಡವರಲ್ಲಿ. ಹಿಂದಿನ ಹಾವಳಿಯ ನಂತರ ಹುಟ್ಟಿದ ಮಕ್ಕಳು ಅದರಿಂದ ಪಾರಾದರು. ಇಪ್ಪತ್ತು ವರ್ಷದ ಹಿಂದಿನ ನೆನಪು ದೊಡ್ಡವರ ನೆತ್ತರಿನಲ್ಲಿ ಮಲಗಿದ್ದು, ಎದ್ದು ಕಚ್ಚಿತ್ತು.

ನೆನಪಿರುವುದು ಪ್ರತಿಕಾಯಗಳಿಗೆ ಮಾತ್ರವಲ್ಲ. ಟಿ ಕೋಶಗಳೆಂಬ ಇನ್ನೊಂದು ದಂಡು ನಮ್ಮ ಮೈಯಲ್ಲಿದೆ. ಸೋಂಕು ತಾಗಿದ ಕೋಶವನ್ನು ಹುಡುಕಿ ಕೊಲ್ಲುವುದು ಅದರ ಕಸುಬು. 2003ರಲ್ಲಿ ಥಾಯ್ಲೆಂಡಿನ ಮಕ್ಕಳ ನೆತ್ತರನ್ನು ಪರೀಕ್ಷಿಸಿದವರು, ಎರಡನೆಯ ಜ್ವರದಲ್ಲಿ ಮುಂದೆ ನುಗ್ಗುವ ಟಿ ಕೋಶಗಳಲ್ಲಿ ಅನೇಕವು ಹಳೆಯ ಶತ್ರುವಿಗೆ ಹೊಂದುವವೇ ಹೊರತು ಈಗ ಎದುರಿಗಿರುವವನಿಗೆ ಸರಿಯಾಗಿ ಹೊಂದುವವಲ್ಲ ಎಂದು ಕಂಡರು. ಗುರಿ ತಪ್ಪಿದ ಈ ದಂಡು ಶತ್ರುವನ್ನು ಕೊಲ್ಲಲಾರದೆ, ಕೂಗಾಟ ಮಾತ್ರ ಎಬ್ಬಿಸುತ್ತದೆ. ಆ ಕೂಗಾಟವೆಂದರೆ ಕೋಶಗಳು ಸುರಿಸುವ ರಾಸಾಯನಿಕ ಸಂದೇಶಗಳು. ಅವುಗಳ ಮಹಾಪೂರದಲ್ಲಿ ನೆತ್ತರಿನ ನಾಳಗಳ ಒಳಗೋಡೆ ಸಡಿಲಗೊಳ್ಳುತ್ತದೆ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2013ರಲ್ಲಿ ಶ್ರೀಲಂಕೆಯ ರಕ್ತದಾನಿಗಳ ನೆತ್ತರನ್ನು ನೋಡಿದವರು, ಬಲವಾದ ಟಿ ಕೋಶಗಳು ಘೋರ ರೂಪದಿಂದ ಕಾಪಾಡುವಂತಿದೆ ಎಂದರು. ದಂಡನ್ನು ಸುಮ್ಮನೆ ದೂರಿ ಫಲವಿಲ್ಲ. ಅರೆಬರೆ ದಂಡೇ ಅಪಾಯ. ಪ್ರತಿಕಾಯಗಳ ವಿಷಯದಲ್ಲೂ ಹಾಗೆಯೇ. ನಿಕರಾಗ್ವದ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿ 2017ರಲ್ಲಿ ಪ್ರಕಟಿಸಿದ ಅಭ್ಯಾಸದಂತೆ, ಪ್ರತಿಕಾಯ ಹೇರಳವಾಗಿದ್ದವರಿಗೆ ರಕ್ಷಣೆ. ನಡುವಣ ಮಟ್ಟದಲ್ಲಿದ್ದವರಿಗೇ ಎಲ್ಲರಿಗಿಂತ ಹೆಚ್ಚು ಗಂಡಾಂತರ. ಗಟ್ಟಿ ಬೇಲಿ ಹೊಲ ಕಾಯುತ್ತದೆ, ಬೇಲಿಯೇ ಇಲ್ಲದಿದ್ದರೆ ಹಾನಿ ಒಂದು ಬಗೆ. ಹರುಕು ಬೇಲಿಯೇ ಹೊಲ ಮೇಯುವುದು.

ಇದರ ಜೊತೆಗೆ ವೈರಸ್ಸು ತಾನೂ ಕೈಕಟ್ಟಿ ಕೂರುವುದಿಲ್ಲ. ಅದು ಹೊರಬಿಡುವ ಒಂದು ಸಸಾರಜನಕ ವಸ್ತು ನಾಳಗಳ ಗೋಡೆಯನ್ನು ನೇರವಾಗಿ ಸಡಿಲಿಸುತ್ತದೆಂದು 2015ರಲ್ಲಿ ತಿಳಿದುಬಂತು. ಆಸ್ಪತ್ರೆಯಲ್ಲಿ ಮೊದಲ ದಿನಗಳಲ್ಲಿ ಹಚ್ಚುವ ‘ಎನ್‌ಎಸ್ 1’ ಪರೀಕ್ಷೆ ಹುಡುಕುವುದು ಇದನ್ನೇ. ಒಟ್ಟಿನಲ್ಲಿ ಗೋಡೆ ಸಡಿಲವಾಗಿ ನೆತ್ತರಿನ ನೀರಿನಂಶ ಹೊಟ್ಟೆಗೂ ಎದೆಗೂ ಸೋರಿಹೋಗುತ್ತದೆ. ಉಳಿದ ನೆತ್ತರು ಗಟ್ಟಿಯಾಗಿ, ಹರಿಯದೆ, ನಾಡಿ ಕುಸಿಯುತ್ತದೆ. ಡೆಂಗಿಯಲ್ಲಿ ಸಾವು ತರುವುದು ಮುಖ್ಯವಾಗಿ ಈ ಸೋರಿಕೆ. ಜನ ಅಂಜುವುದು ಪ್ಲೇಟ್‌ಲೆಟ್ ಎಣಿಕೆಗೆ. ಎಣಿಕೆ ಇಳಿಯುವುದು ನಿಜ, ಅದು ಎಚ್ಚರಿಕೆಯ ಗಂಟೆಯೂ ಹೌದು. ಆದರೆ ನೆತ್ತರು ಸುರಿಯದವನಿಗೆ ಎಣಿಕೆಯೊಂದನ್ನೇ ನೋಡಿ ಪ್ಲೇಟ್‌ಲೆಟ್ ಏರಿಸುವುದರಿಂದ ಲಾಭವಿಲ್ಲವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಸಮಾಧಾನದ ಸಂಗತಿಯೆಂದರೆ, ಈ ಸೋರಿಕೆ ಇರುವುದು ಒಂದೆರಡು ದಿನ ಮಾತ್ರ. ಆ ಒಂದೆರಡು ದಿನ ಅಳತೆಯರಿತು ಸಲೈನ್ ಏರಿಸಿ ಕಾಯ್ದರೆ ಗೋಡೆ ತಾನಾಗಿ ಬಿಗಿಯುತ್ತದೆ, ರೋಗಿ ಎದ್ದು ಕೂರುತ್ತಾನೆ. ಘೋರ ಡೆಂಗಿಯಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಇದ್ದ ಸಾವು, ಸಕಾಲದ ಆರೈಕೆಯಿಂದ ನೂರಕ್ಕೆ ಒಂದಕ್ಕಿಂತ ಕೆಳಗಿಳಿದಿದೆ. ಇದಕ್ಕೆ ಹೊಸ ಔಷಧ ಬೇಕಾಗಲಿಲ್ಲ; ಉಪ್ಪುನೀರು ಮತ್ತು ಎಚ್ಚರ, ಇವೆರಡೇ.

ಆದರೆ ಎಚ್ಚರ ಯಾವಾಗ ಬೇಕು? ಎಲ್ಲ ಜ್ವರಗಳಲ್ಲೂ ಜ್ವರ ಇಳಿದರೆ ಗಂಡಾಂತರ ಕಳೆಯಿತೆಂದು ಲೆಕ್ಕ. ಡೆಂಗಿಯಲ್ಲಿ ಸೋರಿಕೆ ಆರಂಭವಾಗುವುದೇ ಜ್ವರ ಇಳಿಯುವ ಹೊತ್ತಿಗೆ, ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ಏಕೆಂದರೆ ಆ ಹೊತ್ತಿಗೆ ವೈರಸ್ಸು ಸೋಲುತ್ತಿರುತ್ತದೆ; ಮುಂದಿನದೆಲ್ಲ ನಮ್ಮ ದಂಡಿನ ಹಾವಳಿ. ಕುಷ್ಟಗಿ ಕಡೆಯ ಹಳ್ಳಿಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ಎರಡು ವಾರ ತರಗತಿಗೆ ಬರದೆ, ಆಮೇಲೆ ಬಂದು ತಂಗಿಯ ಕಥೆ ಹೇಳಿದ. ಐದನೆಯ ದಿನ ಹುಡುಗಿಯ ಮೈ ತಣ್ಣಗಾಯಿತಂತೆ. “ಜ್ವರ ಬಿಟ್ಟಾವು, ಇನ್ನ ಅಂಜೂದೇನಿಲ್ಲ ಅಂತ ಅಪ್ಪ ಹೊಲಕ್ಕ ಹೊಂಟಿದ್ದಾರ್ರೀ ಸರ. ನಮ್ಮ ಅಮ್ಮ ತಡದ್ಲು,” ಎಂದ. ಅವರ ಕಡೆ ಅಮ್ಮ ಎಂದರೆ ಅಜ್ಜಿ. ಆಕೆ ಹೇಳಿದ್ದಿಷ್ಟೇ: “ಅಲ್ಲೋ ತಮ್ಮಾ, ಜ್ವರ ಬಿಟ್ರ ಕೂಸಿನ ಮಾರಿ ಅರಳಬೇಕಲ್ಲ? ಇದು ಹೊಟ್ಟಿ ಹೊಟ್ಟಿ ಅಂತೈತಿ, ಕೈಕಾಲು ಹಾವು ಮುಟ್ಟಿದಂಗ ಅದಾವು. ಗಾಡಿ ತರಸು.” ಅಂದೇ ಆಸ್ಪತ್ರೆ ಸೇರಿದ ಹುಡುಗಿ ನಾಲ್ಕನೆಯ ದಿನ ನಡೆದು ಮನೆಗೆ ಬಂದಳಂತೆ. ಆ ಮುದುಕಿಗೆ ಟಿ ಕೋಶವೂ ಗೊತ್ತಿಲ್ಲ, ಪ್ರತಿಕಾಯವೂ ಗೊತ್ತಿಲ್ಲ. ವೈದ್ಯಗ್ರಂಥಗಳು ಅಪಾಯದ ಗುರುತುಗಳೆಂದು ಪಟ್ಟಿ ಮಾಡುವವುಗಳನ್ನು ಆಕೆ ಕೈಮುಟ್ಟಿ ಅರಿತಿದ್ದಳು. ತಡೆಯಿಲ್ಲದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಮೂಗುಗಳಿಂದ ನೆತ್ತರು, ಮಂಕು, ತಣ್ಣಗಿನ ಕೈಕಾಲು: ಇಷ್ಟನ್ನು ಪ್ರತಿ ಮನೆಯ ಹಿರಿಯರು ಬಲ್ಲವರಾದರೆ ಸಾಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್ ಮುಂತಾದವನ್ನು ಕೊಡಬಾರದೆಂಬುದನ್ನೂ ತಿಳಿದಿರಬೇಕು. ಅವು ನೆತ್ತರು ಸುರಿಯುವುದನ್ನು ಹೆಚ್ಚಿಸುತ್ತವೆ.

ಹಾಲ್‌ಸ್ಟೆಡ್ಡನ ಸಿದ್ಧಾಂತವನ್ನು ಮರೆತದ್ದರಿಂದ ಆದ ಅನಾಹುತಕ್ಕೆ ಫಿಲಿಪೈನ್ಸ್ ಸಾಕ್ಷಿ. 2016ರಲ್ಲಿ ಅಲ್ಲಿನ ಸರ್ಕಾರ ಶಾಲೆಯ ಮಕ್ಕಳಿಗೆ ಡೆಂಗಿಯ ಮೊದಲ ಲಸಿಕೆಯನ್ನು ಹಾಕಲಾರಂಭಿಸಿತು. ಎಂಟು ಲಕ್ಷಕ್ಕೂ ಮಿಕ್ಕ ಮಕ್ಕಳು ಪಡೆದರು. 2017ರ ನವೆಂಬರಿನಲ್ಲಿ ಲಸಿಕೆಯ ತಯಾರಕರೇ, ಹಿಂದೆ ಡೆಂಗಿ ಬಾರದ ಮಕ್ಕಳಲ್ಲಿ ಲಸಿಕೆಯ ನಂತರ ಬರುವ ಡೆಂಗಿ ಹೆಚ್ಚು ಘೋರವಾಗಬಹುದೆಂದು ಪ್ರಕಟಿಸಿದರು. ಅಂಥ ಮಕ್ಕಳಲ್ಲಿ ಲಸಿಕೆಯೇ ಮೊದಲ ಜ್ವರದ ಕೆಲಸ ಮಾಡಿ, ಹರುಕು ಬೇಲಿ ಕಟ್ಟಿತ್ತು. ಮರುತಿಂಗಳು ಯೋಜನೆ ನಿಂತಿತು. ಅದರ ಪೆಟ್ಟು ಡೆಂಗಿ ಲಸಿಕೆಗೆ ಮಾತ್ರ ಬೀಳಲಿಲ್ಲ. ದಡಾರದ ಲಸಿಕೆಯನ್ನೂ ತಾಯಂದಿರು ಶಂಕಿಸುವಂತಾಯಿತು. ಈ ಪಾಠವನ್ನು ಕಲಿತ ಮೇಲೆ ನಾಲ್ಕು ಬಗೆಗೂ ಸಮನಾಗಿ ಬೇಲಿ ಕಟ್ಟುವ ಲಸಿಕೆಗಳ ಹುಡುಕಾಟ ನಡೆದಿದೆ. ನಮ್ಮ ದೇಶದಲ್ಲಿಯೂ 2024ರ ಆಗಸ್ಟಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ಮೇಲೆ ಒಂದೇ ಚುಚ್ಚಿನ ಲಸಿಕೆಯ ಮೂರನೆಯ ಹಂತದ ಪರೀಕ್ಷೆ ಆರಂಭವಾಯಿತು.

ಆದರೆ ಸಿದ್ಧಾಂತವನ್ನು ಅತಿಯಾಗಿ ನಂಬುವುದೂ ಅಪಾಯವೇ. ಓದುಬರಹ ಬಲ್ಲ ಮನೆಗಳಲ್ಲಿ, ಮೊದಲ ಸಲದ ಡೆಂಗಿ ತಾನೆ, ಅಂಜುವುದೇನಿದೆ ಎಂಬ ಮಾತನ್ನು ನಾನು ಕೇಳಿದ್ದೇನೆ. 2024ರಲ್ಲಿ ಭಾರತದ ಮೂರು ಕಡೆಯ ಆಸ್ಪತ್ರೆಗಳ 619 ಮಕ್ಕಳ ಅಭ್ಯಾಸವೊಂದು ಪ್ರಕಟವಾಯಿತು. ಅವರಲ್ಲಿ 344 ಮಕ್ಕಳಿಗೆ ಅದು ಮೊದಲ ಡೆಂಗಿ. ಘೋರ ರೂಪ ಕಂಡ 202 ಮಕ್ಕಳಲ್ಲಿ 112 ಮಂದಿಗೆ ಮೊದಲನೆಯದು. ತೀರಿಕೊಂಡ ಏಳು ಮಕ್ಕಳಲ್ಲಿ ಐವರಿಗೆ ಮೊದಲನೆಯದು. ಎರಡನೆಯ ಜ್ವರ ಅಪಾಯವೆಂಬುದು ಇದರಿಂದ ಸುಳ್ಳಾಗುವುದಿಲ್ಲ. ಮೊದಲನೆಯದು ನಿರಪಾಯವೆಂಬುದು ಮಾತ್ರ ಸುಳ್ಳಾಗುತ್ತದೆ. ಬೇಲಿ ಇಲ್ಲದ ಹೊಲವನ್ನೂ ದನ ಮೇಯುತ್ತದಷ್ಟೆ!

ಮೊದಲಲ್ಲಿ ನೆತ್ತರಿನ ಶಾಸನವೆಂದೆನಲ್ಲ, ಅದನ್ನು ಓದಿದವರೂ ಇದ್ದಾರೆ. 2017–18ರಲ್ಲಿ ದೇಶದ ಉದ್ದಗಲಕ್ಕೂ ಐದರಿಂದ ನಲವತ್ತೈದು ವಯಸ್ಸಿನವರ ನೆತ್ತರನ್ನು ಪರೀಕ್ಷಿಸಿದಾಗ, ನೂರಕ್ಕೆ ಸುಮಾರು 49 ಜನರಲ್ಲಿ ಡೆಂಗಿಯ ಗುರುತು ಸಿಕ್ಕಿತು. ದಕ್ಷಿಣ ಭಾರತದಲ್ಲಿ ಅದು ನೂರಕ್ಕೆ 77ರಷ್ಟು. ಎಂದರೆ ಈ ಪುರವಣಿಯನ್ನು ಓದುತ್ತಿರುವವರಲ್ಲಿ ಬಹುಮಂದಿಯ ಮೈಯಲ್ಲಿ, ಅವರಿಗೇ ತಿಳಿಯದಂತೆ, ಮೊದಲ ಜ್ವರ ಬಂದುಹೋಗಿದೆ. ನನಗೆ ಡೆಂಗಿ ಬಂದೇ ಇಲ್ಲ ಎಂದು ಆಣೆಯಿಟ್ಟು ಹೇಳುವ ಹಾಗಿಲ್ಲ. ಮೊದಲನೆಯದೋ ಎರಡನೆಯದೋ ಎಂಬ ಲೆಕ್ಕ ಮನೆಯಲ್ಲಿ ಕುಳಿತು ಆಡುವುದಲ್ಲ; ಪ್ರತಿಯೊಂದು ಡೆಂಗಿಯನ್ನೂ, ಅದು ಇಳಿದ ಮೇಲೂ ಎರಡು ದಿನ, ಕಣ್ಣಿಟ್ಟು ಕಾಯಬೇಕು.

2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಇಪ್ಪತ್ತು ಸಾವಿರವನ್ನು ಮೀರಿ, ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಿತು. ಮನೆಯಲ್ಲಿ ಸೊಳ್ಳೆಯ ಮರಿ ಕಂಡರೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವೆಂದೂ ವಿಧಿಸಿತು. ದಂಡದ ಭಯ ಒಳ್ಳೆಯದೇ ಇರಬಹುದು. ಆದರೆ ಯಲಬುರ್ಗಾದ ಹೆಣ್ಣುಮಗಳು ಎಂಟು ದಿನದ ನೀರನ್ನು ಚೆಲ್ಲಬೇಕೆಂದರೆ, ಮರುದಿನ ನಳ ಬರುತ್ತದೆಂಬ ಭರವಸೆ ಆಕೆಗೆ ಇರಬೇಕಲ್ಲವೆ? ದಿನವೂ ನೀರು ಬರುವ ಊರಿನಲ್ಲಿ ಯಾರೂ ಬ್ಯಾರಲ್ ತುಂಬಿಡುವುದಿಲ್ಲ. ಅಲ್ಲಿಯವರೆಗೆ ವಾರಕ್ಕೊಂದು ದಿನ ಪಾತ್ರೆಯನ್ನು ಬರಿದು ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯುವುದು, ತುಂಬಿದ ಮೇಲೆ ಹಳೆಯ ಧೋತರದ ತುಂಡನ್ನಾದರೂ ಬಾಯಿಗೆ ಬಿಗಿಯಾಗಿ ಕಟ್ಟುವುದು, ಇಷ್ಟು ಮಾತ್ರ ನಮ್ಮ ಕೈಯಲ್ಲಿದೆ. ನಮ್ಮ ಮೈಯೊಳಗಿನ ಬೇಲಿ ಹೊಲ ಮೇಯದಂತೆ ತಡೆಯುವ ವಿದ್ಯೆ ಇನ್ನೂ ಪೂರ್ತಿ ಕೈಗೂಡಿಲ್ಲ. ಹಿತ್ತಲಿನ ಬ್ಯಾರಲ್ಲಿಗೆ ಬಟ್ಟೆ ಕಟ್ಟುವ ವಿದ್ಯೆಯನ್ನು ಮಾತ್ರ ಯಾರೂ ಹೊಸದಾಗಿ ಕಲಿಯಬೇಕಾಗಿಲ್ಲ.